ಲಕೋಟೆಯೊಳಗೊಂದು ಲಕೋಟೆ

ಕೊಪ್ಪಳದ ಗವಿಮಠದ ಬೆಟ್ಟದ ಮೇಲೆ ಒಂದು ಬಂಡೆಯಿದೆ. ಅದರ ಮೇಲೆ ಅಶೋಕ ಚಕ್ರವರ್ತಿಯ ಸಂದೇಶವನ್ನು ಬ್ರಾಹ್ಮಿ ಲಿಪಿಯಲ್ಲಿ ಕೊರೆದಿದ್ದಾರೆ. ಹತ್ತಿರದ ಪಾಲ್ಕಿಗುಂಡು ಬೆಟ್ಟದಲ್ಲೂ ಅಂಥದೇ ಇನ್ನೊಂದು ಶಾಸನವಿದೆ. ಎರಡು ಸಾವಿರದ ಇನ್ನೂರು ವರ್ಷ ಮಳೆ, ಗಾಳಿ, ಬಿಸಿಲು ಕಂಡರೂ ಆ ಅಕ್ಷರಗಳು ಉಳಿದಿವೆ. ಚಕ್ರವರ್ತಿ ಇದನ್ನು ಬಂಡೆಯ ಮೇಲೇ ಏಕೆ ಬರೆಸಿದ? ದಾರಿಹೋಕರೆಲ್ಲ ನೋಡಲಿ, ಓದಬಲ್ಲವರು ಓದದವರಿಗೆ ಹೇಳಲಿ ಎಂದು. ಅದು ಎಲ್ಲರಿಗಾಗಿ ಇದ್ದ ಮಾತು.

ಆದರೆ ನಾವು ಆಡುವ ಮಾತೆಲ್ಲ ಎಲ್ಲರಿಗಾಗಿ ಅಲ್ಲವಲ್ಲ? ಅಜ್ಜಿ ತನ್ನ ಮಗಳಿಗೆ ‘ಮಂಡಿ ನೋವು ಹೆಚ್ಚಾಗೇತಿ, ಔಷಧಕ್ಕೆ ರೊಕ್ಕ ಕಳಸು’ ಎಂದು ಹೇಳುತ್ತಾಳೆ. ಅದನ್ನು ಗವಿಮಠದ ಬಂಡೆಯ ಮೇಲೆ ಕೊರೆಸಲು ಯಾವ ಅಜ್ಜಿಯೂ ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತು ಎಂಬುದನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆದರೆ ಯಾವ ಮೊಮ್ಮಗನಿಗೂ ಹಿತವಾಗುವುದಿಲ್ಲ. ಇಂಥ ಮಾತುಗಳೆಲ್ಲ ಈಗ ಫೋನಿನ ಮೂಲಕವೇ ಹೋಗುತ್ತವೆ. ಹಾಗೆ ಹೋಗುವಾಗ ಅವು ಬಂಡೆಯ ಬರಹದಂತೆ ತೆರೆದಿರುತ್ತವೆಯೇ, ಅಂಟು ಹಾಕಿದ ಲಕೋಟೆಯಂತೆ ಮುಚ್ಚಿರುತ್ತವೆಯೇ?

ಈ ಪ್ರಶ್ನೆಗೆ ಉತ್ತರವೆಂಬಂತೆ ಈಚೆಗೆ ಫೋನಿನಲ್ಲಿ ಒಂದು ಜಾಹೀರಾತು ಪದೇ ಪದೇ ಕಾಣುತ್ತದೆ. ‘ವಿಪಿಎನ್ ಹಾಕಿಕೊಳ್ಳಿ, ನೀವು ಯಾರಿಗೂ ಕಾಣಿಸುವುದಿಲ್ಲ’ ಎನ್ನುತ್ತದೆ ಅದು. ವಿಪಿಎನ್ ಎಂದರೆ ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್. ಇದು ನಿಜವಾಗಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿಯಲು ಕಂಪ್ಯೂಟರ್ ಬೇಕಿಲ್ಲ. ನಾಲ್ಕು ಜನ, ಎರಡು ಲಕೋಟೆ, ಒಂದಷ್ಟು ಚೀಟಿ ಇದ್ದರೆ ಸಾಕು. ಬನ್ನಿ, ಒಂದು ಆಟ ಆಡೋಣ.

ನಾಲ್ಕು ಊರಿನ ಆಟ

ಮನೆಯ ಪಡಸಾಲೆಯಲ್ಲಿ ನಾಲ್ವರು ಕೂತುಕೊಳ್ಳಿ. ಅಜ್ಜ, ಅಜ್ಜಿ ಇದ್ದರೆ ಆಟ ಇನ್ನೂ ಚೆನ್ನಾಗಿರುತ್ತದೆ, ಏಕೆಂದರೆ ಅಂಚೆಯ ಪಾಠ ಅವರಿಗೆ ಬಾಯಿಪಾಠ. ಒಬ್ಬೊಬ್ಬರಿಗೆ ಒಂದೊಂದು ಊರಿನ ಹೆಸರಿಡೋಣ.

ಯಲಬುರ್ಗಾ ಎಂದರೆ ನಿಮ್ಮ ಫೋನು. ಕೊಪ್ಪಳ ಎಂದರೆ ನಿಮಗೆ ಇಂಟರ್‌ನೆಟ್ ಕೊಡುವ ಕಂಪನಿ. ನಿಮ್ಮ ಸಿಮ್ ಯಾವ ಕಂಪನಿಯದೋ, ಮನೆಯ ವೈಫೈ ಯಾರದೋ, ಅವರೇ ಕೊಪ್ಪಳ. ಗಂಗಾವತಿ ಎಂದರೆ ನೀವು ನೋಡಬೇಕೆಂದಿರುವ ಜಾಲತಾಣ. ಕುಷ್ಟಗಿ ಎಂದರೆ ವಿಪಿಎನ್ ಕಂಪನಿ. ಯಲಬುರ್ಗಾದ ಯಾವ ಚೀಟಿಯೂ ಕೊಪ್ಪಳದ ಕೈ ದಾಟದೆ ಮುಂದೆ ಹೋಗುವಂತಿಲ್ಲ. ಇದು ಆಟದ ನಿಯಮ.

ಮೊದಲ ಸುತ್ತು: ಯಲಬುರ್ಗಾ ಒಂದು ಚೀಟಿಯಲ್ಲಿ ‘ಮಂಡಿ ನೋವಿಗೆ ಯಾವ ವ್ಯಾಯಾಮ ಒಳ್ಳೆಯದು?’ ಎಂದು ಬರೆಯಲಿ. ಚೀಟಿಯನ್ನು ಮಡಚದೆ, ‘ಗಂಗಾವತಿಗೆ’ ಎಂದು ವಿಳಾಸ ಬರೆದು ಕೊಪ್ಪಳದ ಕೈಗೆ ಕೊಡಲಿ. ಕೊಪ್ಪಳಕ್ಕೆ ಎಲ್ಲವೂ ಕಾಣುತ್ತದೆ. ಇದು ಪೋಸ್ಟ್ ಕಾರ್ಡು. ಭಾರತದಲ್ಲಿ 1879ರಲ್ಲಿ ಕಾಲಾಣೆಗೆ ಶುರುವಾದ ಪೋಸ್ಟ್ ಕಾರ್ಡು ಬಡವರ ಬಂಧುವಾಗಿತ್ತು. ಆದರೆ ಅದರಲ್ಲಿ ಬರೆದದ್ದನ್ನು ಊರಿನ ಅಂಚೆಯಣ್ಣ ಮೊದಲು ಓದಿ ಆಮೇಲೆ ಮನೆಗೆ ತರುತ್ತಿದ್ದ ಎಂದು ಅಜ್ಜ ಈಗಲೂ ನಗುತ್ತಾರೆ. ಇಂಟರ್‌ನೆಟ್ಟಿನ ಆರಂಭದ ವರ್ಷಗಳಲ್ಲಿ ಹೆಚ್ಚಿನ ಜಾಲತಾಣಗಳು ಹೀಗೇ ಇದ್ದವು.

ಎರಡನೆಯ ಸುತ್ತು: ಅದೇ ಚೀಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಮೇಲೆ ಗಂಗಾವತಿಯ ವಿಳಾಸ ಬರೆಯಿರಿ. ಈಗ ಕೊಪ್ಪಳಕ್ಕೆ ಒಳಗಿನ ಬರಹ ಕಾಣುವುದಿಲ್ಲ. ಇಂದಿನ ಬಹುತೇಕ ಜಾಲತಾಣಗಳು ಈ ಲಕೋಟೆ ಬಳಸುತ್ತವೆ. ಜಾಲತಾಣದ ವಿಳಾಸದ ಮೊದಲಲ್ಲಿ ‘ಎಚ್‌ಟಿಟಿಪಿಎಸ್’ ಎಂಬ ಅಕ್ಷರಗಳಿದ್ದರೆ ಲಕೋಟೆಗೆ ಅಂಟು ಹಾಕಿದೆ ಎಂದು ಅರ್ಥ. ಕೊನೆಯ ‘ಎಸ್’ ಎಂದರೆ ಸೆಕ್ಯೂರ್, ಭದ್ರ. ನಿಮ್ಮ ಬರಹ ಇಲ್ಲಿ ಗೂಢಭಾಷೆಗೆ ತಿರುಗಿ ಹೋಗುತ್ತದೆ. ದಾರಿಯಲ್ಲಿ ಯಾರು ಹಿಡಿದು ನೋಡಿದರೂ ಅರ್ಥವಿಲ್ಲದ ಅಂಕಿ ಅಕ್ಷರಗಳಷ್ಟೇ ಕಾಣುತ್ತವೆ.

ಹಾಗಾದರೆ ಕೊಪ್ಪಳಕ್ಕೆ ಏನೂ ತಿಳಿಯಲಿಲ್ಲವೇ? ತಿಳಿಯಿತು. ಯಲಬುರ್ಗಾದಿಂದ ಗಂಗಾವತಿಗೆ ಲಕೋಟೆ ಹೋಯಿತು, ದಿನಕ್ಕೆ ಐದು ಸಲ ಹೋಯಿತು, ರಾತ್ರಿ ಹನ್ನೊಂದಕ್ಕೂ ಹೋಯಿತು ಎಂಬುದು ತಿಳಿಯಿತು. ಗಂಗಾವತಿ ಎಂಬುದು ಒಂದು ಆಸ್ಪತ್ರೆಯ ಜಾಲತಾಣ ಎಂದುಕೊಳ್ಳಿ. ಒಳಗೆ ಏನಿದೆ ಎಂದು ಓದದೆಯೇ, ಆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಹೊರಗಿನವರು ಊಹಿಸಬಹುದಲ್ಲವೇ?

ಮೂರನೆಯ ಸುತ್ತು: ಈಗ ಗಂಗಾವತಿಯ ಲಕೋಟೆಯನ್ನು ಇನ್ನೊಂದು ದೊಡ್ಡ ಲಕೋಟೆಯೊಳಗೆ ಇಡಿ. ದೊಡ್ಡ ಲಕೋಟೆಯ ಮೇಲೆ ಕುಷ್ಟಗಿಯ ವಿಳಾಸ ಮಾತ್ರ ಬರೆಯಿರಿ. ಕೊಪ್ಪಳ ಅದನ್ನು ಕುಷ್ಟಗಿಗೆ ತಲುಪಿಸುತ್ತದೆ. ಕುಷ್ಟಗಿ ಹೊರಗಿನ ಲಕೋಟೆ ಒಡೆದು, ಒಳಗಿನದರ ಮೇಲೆ ‘ಇಂದ: ಕುಷ್ಟಗಿ’ ಎಂದು ಬರೆದು ಗಂಗಾವತಿಗೆ ಕೊಡುತ್ತದೆ. ಉತ್ತರವೂ ಇದೇ ದಾರಿಯಲ್ಲಿ ಹಿಂದಿರುಗುತ್ತದೆ. ವಿಪಿಎನ್ ಎಂದರೆ ಇಷ್ಟೇ: ಲಕೋಟೆಯೊಳಗೊಂದು ಲಕೋಟೆ.

ಈಗ ಲೆಕ್ಕ ಹಾಕೋಣ. ಕೊಪ್ಪಳಕ್ಕೆ ಯಲಬುರ್ಗಾ ಕುಷ್ಟಗಿಗೆ ಬರೆಯುತ್ತಿದೆ ಎಂಬುದಷ್ಟೇ ಗೊತ್ತು. ಗಂಗಾವತಿಗೆ ಕಾಗದ ಕುಷ್ಟಗಿಯಿಂದ ಬಂದಂತೆ ಕಾಣುತ್ತದೆ, ಯಲಬುರ್ಗಾದ ವಿಳಾಸ ಕಾಣುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಈ ವಿಳಾಸಕ್ಕೆ ಐಪಿ ಅಡ್ರೆಸ್ ಎನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಅದು 0ಯಿಂದ 255ರ ವರೆಗಿನ ನಾಲ್ಕು ಸಂಖ್ಯೆಗಳ ಜೋಡಣೆ. ಲೆಕ್ಕದಲ್ಲಿ ಚುರುಕಾದವರು 256ನ್ನು ನಾಲ್ಕು ಸಲ ಗುಣಿಸಿ ನೋಡಿ, ಸುಮಾರು 429 ಕೋಟಿ ವಿಳಾಸಗಳು ಸಿಗುತ್ತವೆ. ಅಷ್ಟೂ ಸಾಲದೆ ಈಗ ಇನ್ನೂ ಉದ್ದದ ವಿಳಾಸಗಳು ಬಂದಿವೆ.

ಆದರೆ ನಿಲ್ಲಿ. ಎಲ್ಲವೂ ಗೊತ್ತಿರುವವರು ಒಬ್ಬರು ಉಳಿದರಲ್ಲ? ಯಲಬುರ್ಗಾ ಯಾರು, ಯಾವ ಊರಿಗೆ, ಎಷ್ಟು ಹೊತ್ತಿಗೆ ಬರೆಯುತ್ತದೆ ಎಂಬುದೆಲ್ಲ ಕುಷ್ಟಗಿಗೆ ಗೊತ್ತು! ಮೊದಲು ಕೊಪ್ಪಳಕ್ಕೆ ತಿಳಿಯುತ್ತಿದ್ದದ್ದು ಈಗ ಕುಷ್ಟಗಿಗೆ ತಿಳಿಯುತ್ತದೆ. ಗುಟ್ಟು ಮಾಯವಾಗಲಿಲ್ಲ, ಅದನ್ನು ಕಾಯುವವರು ಬದಲಾದರು. ಈ ಒಂದು ಮಾತು ಅರ್ಥವಾದರೆ ವಿಪಿಎನ್ನಿನ ಅರ್ಧ ಪಾಠ ಮುಗಿದಂತೆ.

ತಾಡಪಾಲು ಹೊದಿಸಿದ ಲಾರಿ

ವಿಪಿಎನ್ ಹುಟ್ಟಿದ್ದು ಮನೆಗಳಿಗಾಗಿ ಅಲ್ಲ, ಕಚೇರಿಗಳಿಗಾಗಿ. ದೊಡ್ಡ ಕಚೇರಿಗೆ ಹತ್ತಾರು ಊರುಗಳಲ್ಲಿ ಶಾಖೆಗಳಿರುತ್ತವೆ. ಅವೆಲ್ಲ ಒಂದೇ ಕಟ್ಟಡದಲ್ಲಿ ಇದ್ದಂತೆ ಕೆಲಸ ಮಾಡಬೇಕು. ಇದಕ್ಕೆ ಒಂದು ಉಪಾಯ, ತಮ್ಮದೇ ಪ್ರತ್ಯೇಕ ಜಾಲ ಹಾಕಿಸಿಕೊಳ್ಳುವುದು. ನಮ್ಮ ರಾಜ್ಯ ಸರ್ಕಾರಕ್ಕೆ ಅಂಥದೊಂದು ಜಾಲವಿದೆ. ಅದರ ಹೆಸರು ಕೆಸ್ವಾನ್. ಅದು ಬೆಂಗಳೂರನ್ನು ಜಿಲ್ಲಾ ಕೇಂದ್ರಗಳಿಗೂ ತಾಲ್ಲೂಕುಗಳಿಗೂ ಬೆಸೆಯುತ್ತದೆ. ಆದರೆ ಎಲ್ಲರಿಗೂ ಸ್ವಂತ ರಸ್ತೆ ಹಾಕಿಸಿಕೊಳ್ಳುವಷ್ಟು ಶಕ್ತಿ ಎಲ್ಲಿಂದ ಬರಬೇಕು?

ಇನ್ನೊಂದು ಉಪಾಯ ನಮ್ಮ ಗಂಗಾವತಿಯ ಅಕ್ಕಿ ಲಾರಿಗಳಿಗೆ ಗೊತ್ತು. ಗಿರಣಿಯಿಂದ ಹೊರಟ ಲಾರಿಗೆ ಬೇರೆ ರಸ್ತೆ ಇಲ್ಲ. ಬಸ್ಸು, ಬೈಕು, ಎತ್ತಿನ ಬಂಡಿ ಓಡಾಡುವ ರಸ್ತೆಯಲ್ಲೇ ಅದೂ ಹೋಗಬೇಕು. ಆದರೆ ತಾಡಪಾಲು ಹೊದಿಸಿ ಹಗ್ಗ ಬಿಗಿದರೆ ಒಳಗೆ ಸೋನಾ ಮಸೂರಿ ಇದೆಯೋ ನುಚ್ಚಿದೆಯೋ ರಸ್ತೆಯವರಿಗೆ ತಿಳಿಯುವುದಿಲ್ಲ. ವಿಪಿಎನ್ ಮಾಡುವುದು ಇದನ್ನೇ. ಎಲ್ಲರ ಇಂಟರ್‌ನೆಟ್ ರಸ್ತೆಯಲ್ಲೇ ಹೊದಿಕೆ ಹಾಕಿಕೊಂಡು ಹೋಗುತ್ತದೆ. ರಸ್ತೆ ಸ್ವಂತದ್ದಲ್ಲ, ಸ್ವಂತದ್ದಿದ್ದಂತೆ ನಡೆಯುತ್ತದೆ. ಆದ್ದರಿಂದಲೇ ‘ವರ್ಚುವಲ್’ ಎಂಬ ಪದ.

1990ರ ದಶಕದಲ್ಲಿ ಈ ಕೆಲಸಕ್ಕೆ ರೂಪ ಕೊಟ್ಟ ಎಂಜಿನಿಯರುಗಳಲ್ಲಿ ಮೈಕ್ರೋಸಾಫ್ಟ್ ಕಂಪನಿಯಲ್ಲಿದ್ದ ಭಾರತ ಮೂಲದ ಗುರ್ದೀಪ್ ಸಿಂಗ್ ಪಾಲ್ ಒಬ್ಬರು. ಆ ತಂಡದ ವಿಧಾನದ ವಿವರ 1999ರಲ್ಲಿ ಪ್ರಕಟವಾಯಿತು. ಆ ಹಳೆಯ ಬೀಗವನ್ನು ಈಗ ಭದ್ರವೆಂದು ಯಾರೂ ನಂಬುವುದಿಲ್ಲ. ಹೊಸ ಬೀಗಗಳು ಬಂದಿವೆ. ಅವುಗಳಲ್ಲಿ ವೈರ್‌ಗಾರ್ಡ್ ಎಂಬುದು 2020ರಲ್ಲಿ ಲಿನಕ್ಸ್‌ನ ಭಾಗವೇ ಆಯಿತು. ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಮಾಡುವ ಅಣ್ಣನೋ ಅಕ್ಕನೋ ಹಬ್ಬಕ್ಕೆ ಊರಿಗೆ ಬಂದು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದರೆ ಕೇಳಿ ನೋಡಿ. ‘ಮೊದಲು ವಿಪಿಎನ್ ಕನೆಕ್ಟ್ ಆಗಬೇಕು, ತಡಿ’ ಎನ್ನುತ್ತಾರೆ. ಅದು ಕಂಪನಿಯೇ ಕೊಟ್ಟ ವಿಪಿಎನ್, ಕಂಪನಿಯ ಕೆಲಸಕ್ಕೆ.

ಮನೆಯವರಿಗೆ ಇದರಿಂದ ಪ್ರಯೋಜನ ಇಲ್ಲವೇ? ಇದೆ. ರೈಲು ನಿಲ್ದಾಣ, ಹೋಟೆಲು, ಆಸ್ಪತ್ರೆಯಂಥ ಕಡೆ ಪುಕ್ಕಟೆ ವೈಫೈ ಸಿಗುತ್ತದೆ. ಅಲ್ಲಿ ಅಂಚೆಯವನ ಸ್ಥಾನದಲ್ಲಿ ಯಾರು ಕೂತಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಬೇಕೆಂದೇ ಅದೇ ಹೆಸರಿನ ಸುಳ್ಳು ವೈಫೈ ಇಟ್ಟು ಕಾಯುವವರೂ ಉಂಟು. ಅಂಥ ಕಡೆ ನಂಬಬಹುದಾದ ವಿಪಿಎನ್ ಹೊರಗಿನ ಲಕೋಟೆಯಾಗಿ ಕಾಯುತ್ತದೆ. ಅದಿಲ್ಲದಿದ್ದರೆ ಇನ್ನೂ ಸುಲಭದ ದಾರಿಯಿದೆ. ಬ್ಯಾಂಕಿನ ಕೆಲಸಕ್ಕೆ ಪುಕ್ಕಟೆ ವೈಫೈ ಬಿಟ್ಟು ನಿಮ್ಮದೇ ಸಿಮ್ಮಿನ ಇಂಟರ್‌ನೆಟ್ ಬಳಸಿ.

ನಾಲ್ಕನೆಯ ಸುತ್ತು

ಆಟ ಇನ್ನೂ ಮುಗಿದಿಲ್ಲ. ಮತ್ತೆ ಎರಡು ಲಕೋಟೆ ತೆಗೆದುಕೊಳ್ಳಿ. ಈ ಸಲ ಒಳಗಿನ ಚೀಟಿಯಲ್ಲಿ ಯಲಬುರ್ಗಾ ಹೀಗೆ ಬರೆಯಲಿ: ‘ನನ್ನ ಹೆಸರು ಇಂಥದು, ಊರು ಯಲಬುರ್ಗಾ, ಫೋನ್ ನಂಬರ್ ಇದು, ಈಗ ಬಂದ ಒಟಿಪಿ ಇದು.’ ಎರಡೂ ಲಕೋಟೆಗೆ ಚೆನ್ನಾಗಿ ಅಂಟು ಹಾಕಿ ಕುಷ್ಟಗಿಯ ಮೂಲಕವೇ ಕಳಿಸಿ. ಗಂಗಾವತಿ ಲಕೋಟೆ ಒಡೆದು ಓದಲಿ.

ಏನಾಯಿತು? ದಾರಿಯಲ್ಲಿ ಯಾರೂ ನೋಡಲಿಲ್ಲ. ಆದರೆ ತಲುಪಿದವರ ಕೈಯಲ್ಲಿ ಎಲ್ಲವೂ ಇದೆ. ಗಂಗಾವತಿಯಲ್ಲಿ ಕೂತವನು ಒಳ್ಳೆಯವನಾದರೆ ಸರಿ, ಕಳ್ಳನಾದರೆ?

ವಿಪಿಎನ್ ಕಾಯುವುದು ದಾರಿಯನ್ನು ಮಾತ್ರ. ನಾವೇ ಬರೆದು ಕೊಟ್ಟದ್ದನ್ನು ಅದು ಕಾಯಲಾರದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್‌ಗೆ ನಮ್ಮ ಹೆಸರಿನಲ್ಲಿ ಲಾಗಿನ್ ಆದ ಮೇಲೆ ವಿಪಿಎನ್ ಇದ್ದರೂ ಅವರಿಗೆ ನಾವು ಯಾರೆಂದು ಗೊತ್ತೇ ಇರುತ್ತದೆ. ಆಪ್ ಒಂದು ‘ನಿಮ್ಮ ಸ್ಥಳ ನೋಡಲೇ?’ ಎಂದು ಕೇಳಿದಾಗ ‘ಹೂಂ’ ಎಂದು ಒತ್ತಿದರೆ, ಆಮೇಲೆ ವಿಪಿಎನ್ ಹಾಕಿದರೂ ಜಿಪಿಎಸ್ ನಮ್ಮ ಓಣಿಯನ್ನೇ ತೋರಿಸುತ್ತದೆ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯೂ ಅಷ್ಟೇ. ನೀವು ನೋಡಿದ ಪುಟಗಳ ಪಟ್ಟಿಯನ್ನು ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳುವುದಿಲ್ಲ, ಅಷ್ಟು ಮಾತ್ರ. ಕೊಪ್ಪಳಕ್ಕೂ ಗಂಗಾವತಿಗೂ ಕಾಣುವುದು ಕಂಡೇ ಕಾಣುತ್ತದೆ.

ಇಲ್ಲಿ ಅಜ್ಜ, ಅಜ್ಜಿಯರು ಸ್ವಲ್ಪ ಗಮನ ಕೊಡಬೇಕು. ವಯಸ್ಸಾದವರು ಫೋನಿನಲ್ಲಿ ರೊಕ್ಕ ಕಳೆದುಕೊಳ್ಳುವುದು ಹೆಚ್ಚಾಗಿ ದಾರಿಯಲ್ಲಿ ಯಾರೋ ಕದ್ದು ನೋಡಿದ್ದರಿಂದ ಅಲ್ಲ. ‘ಬ್ಯಾಂಕಿನಿಂದ ಮಾತಾಡ್ತಾ ಇದೀವಿ’ ಎಂದವನಿಗೆ ಒಟಿಪಿ ಹೇಳಿದ್ದರಿಂದ. ಮದುವೆ ಆಮಂತ್ರಣ, ವಾಹನದ ದಂಡ, ಸರ್ಕಾರಿ ಯೋಜನೆಯ ಪಟ್ಟಿ ಎಂಬ ಹೆಸರಿನಲ್ಲಿ ವಾಟ್ಸಾಪ್‌ಗೆ ಬಂದ ಎಪಿಕೆ ಕಡತವನ್ನು ಒತ್ತಿದ್ದರಿಂದ. ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ’ ಎಂದು ಪೊಲೀಸ್ ವೇಷ ತೊಟ್ಟು ಹೆದರಿಸಿದವನ ಮಾತು ನಂಬಿದ್ದರಿಂದ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಇಂಥ ಕಡೆ ಜಗತ್ತಿನ ಅತ್ಯುತ್ತಮ ವಿಪಿಎನ್ ಇದ್ದರೂ ಕೆಲಸಕ್ಕೆ ಬರುವುದಿಲ್ಲ. ಕರೆ ಕತ್ತರಿಸಿ ಮನೆಯವರನ್ನು ಕೂಗುವುದೇ ಕೆಲಸಕ್ಕೆ ಬರುತ್ತದೆ.

ಪುಕ್ಕಟೆ ಕೊಡುವವರು ಯಾರು?

ಆಟದಲ್ಲಿ ಕುಷ್ಟಗಿಯಾದವರನ್ನು ಕೇಳಿ: ‘ದಿನವಿಡೀ ಲಕೋಟೆ ಒಡೆದು, ಹೊಸ ವಿಳಾಸ ಬರೆದು, ತಲುಪಿಸುವ ಕೆಲಸವನ್ನು ಪುಕ್ಕಟೆ ಮಾಡುತ್ತೀಯಾ?’ ಐದು ನಿಮಿಷ ಮಾಡಿಯಾರು. ವರ್ಷಗಟ್ಟಲೆ ಯಾರು ಮಾಡುತ್ತಾರೆ? ವಿಪಿಎನ್ ನಡೆಸಲು ಕಂಪ್ಯೂಟರ್ ಬೇಕು, ವಿದ್ಯುತ್ ಬೇಕು, ಜನ ಬೇಕು. ಖರ್ಚು ಎಲ್ಲಿಂದಲೋ ಹುಟ್ಟಬೇಕು.

ಇದಕ್ಕೆ ನಡೆದಿರುವ ಒಂದು ಕಥೆಯಿದೆ. ಒನಾವೊ ಎಂಬ ಕಂಪನಿಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡಿತು. ‘ಒನಾವೊ ಪ್ರೊಟೆಕ್ಟ್’ ಎಂಬ ಅದರ ವಿಪಿಎನ್ ಆಪ್ ಪುಕ್ಕಟೆ ಸಿಗುತ್ತಿತ್ತು. ನಿಮ್ಮ ಮಾಹಿತಿಯನ್ನು ಕಾಪಾಡುತ್ತೇವೆ ಎಂದು ಜನರಿಗೆ ಹೇಳುತ್ತಿತ್ತು. ಆದರೆ ಜನ ಯಾವ ಯಾವ ಆಪ್ ತೆರೆಯುತ್ತಾರೆ, ಎಷ್ಟು ಹೊತ್ತು ಬಳಸುತ್ತಾರೆ ಎಂಬ ವಿವರ ಅದರ ಮೂಲಕ ಫೇಸ್‌ಬುಕ್ಕಿಗೆ ಹೋಗುತ್ತಿತ್ತು. 2018ರಲ್ಲಿ ಆಪಲ್ ಕಂಪನಿ ಇದು ತನ್ನ ನಿಯಮಕ್ಕೆ ವಿರುದ್ಧ ಎಂದಾಗ ಆ ಆಪ್ ಐಫೋನಿನ ಅಂಗಡಿಯಿಂದ ಹೊರಬಂತು. 2019ರಲ್ಲಿ ಪೂರ್ತಿ ನಿಂತುಹೋಯಿತು. 2023ರ ಜುಲೈಯಲ್ಲಿ ಆಸ್ಟ್ರೇಲಿಯದ ನ್ಯಾಯಾಲಯ, ಜನರಿಗೆ ಇದನ್ನು ಸರಿಯಾಗಿ ತಿಳಿಸಲಿಲ್ಲವೆಂದು ಆ ಕಂಪನಿಯ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಬೇಲಿ ಎದ್ದು ಹೊಲ ಮೇಯ್ದರೆ ಎನ್ನುತ್ತೇವಲ್ಲ, ಹಾಗೆ.

ಪುಕ್ಕಟೆಯದೆಲ್ಲ ಮೋಸ ಎಂದಲ್ಲ. ರೊಕ್ಕ ಕೊಟ್ಟು ಬಳಸುವವರ ಹಣದಲ್ಲಿ ಪುಕ್ಕಟೆ ಬಳಕೆದಾರರನ್ನೂ ಸಾಕುವ ಕಂಪನಿಗಳಿವೆ. ಆದರೆ ಕೇಳಲೇಬೇಕಾದ ಪ್ರಶ್ನೆ ಒಂದೇ: ‘ನಿನ್ನ ಹೊಟ್ಟೆ ತುಂಬುವುದು ಎಲ್ಲಿಂದ?’ ಇದಕ್ಕೆ ನೇರ ಉತ್ತರ ಸಿಗದ ಆಪ್ ಬೇಡ. ಅದನ್ನು ನಡೆಸುವವರು ಯಾರು, ಯಾವ ದೇಶದವರು, ನಮ್ಮ ಯಾವ ಲೆಕ್ಕ ಬರೆದಿಡುತ್ತಾರೆ ಎಂದು ಹೇಳದ ಆಪ್ ಕೂಡ ಬೇಡ. ವಿಪಿಎನ್ ಎಂದು ಹೇಳಿಕೊಂಡು ನಮ್ಮ ಸಂದೇಶ, ಸಂಪರ್ಕ ಪಟ್ಟಿ, ಫೋಟೊಗಳನ್ನು ನೋಡಲು ಅನುಮತಿ ಕೇಳಿದರಂತೂ ಬೇಡವೇ ಬೇಡ. ಲಕೋಟೆ ಸಾಗಿಸುವವನಿಗೆ ಟ್ರಂಕಿನ ಕೀಲಿ ಏಕೆ?

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ವಿಪಿಎನ್ ಬಳಸುವುದೇ ಅಪರಾಧ ಎನ್ನುವ ಕಾಯಿದೆ ಇಲ್ಲ. ಆದರೆ ಅದಕ್ಕೆ ನಿಯಮಗಳಿವೆ. ಕಂಪ್ಯೂಟರ್ ಅವಘಡಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಒಂದು ಆದೇಶ ಹೊರಡಿಸಿತು. ವಿಪಿಎನ್ ಕಂಪನಿಗಳು ತಮ್ಮ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರು, ಕೊಟ್ಟ ಐಪಿ ವಿಳಾಸ ಮೊದಲಾದ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎಂದಿತು. ಅಪರಾಧ ನಡೆದಾಗ ಪತ್ತೆಗೆ ಇದು ಬೇಕು ಎಂಬುದು ಸರ್ಕಾರದ ವಾದ. ಗ್ರಾಹಕರ ಲೆಕ್ಕ ಇಡುವುದಿಲ್ಲ ಎಂದು ಮಾತು ಕೊಟ್ಟೇ ವ್ಯಾಪಾರ ಮಾಡುತ್ತಿದ್ದೇವೆ, ಇದು ಆಗದು ಎಂಬುದು ಕಂಪನಿಗಳ ವಾದ. ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ವಿಪಿಎನ್ ಮೊದಲಾದವು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನೇ ತೆಗೆದುಬಿಟ್ಟವು. ಆದೇಶ ವಿಪಿಎನ್ ಕಂಪನಿಗಳಿಗೆ ಆ ವರ್ಷದ ಸೆಪ್ಟೆಂಬರಿನಿಂದ ಅನ್ವಯವಾಯಿತು. ಅಣ್ಣ, ಅಕ್ಕಂದಿರ ಕಚೇರಿಯ ವಿಪಿಎನ್‌ಗೆ ಇದರಿಂದ ವಿನಾಯಿತಿ ಇದೆ.

ಇನ್ನು ಮಕ್ಕಳಿಗೆ ಒಂದು ಮಾತು. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು, ಸೆಪ್ಟೆಂಬರ್ 2ರಂದು ಪಬ್‌ಜಿ ಸೇರಿ 118 ಆಪ್‌ಗಳನ್ನು ಸರ್ಕಾರ ನಿಷೇಧಿಸಿತು. ಆಗಿನಿಂದ ‘ವಿಪಿಎನ್ ಹಾಕಿದರೆ ಎಲ್ಲಾ ಓಪನ್ ಆಗುತ್ತದೆ’ ಎಂಬ ಮಾತು ಶಾಲೆಯ ಮೈದಾನದಲ್ಲಿ ಓಡಾಡುತ್ತಿದೆ. ಬೇರೆ ಊರಿನ ವಿಳಾಸ ತೋರಿಸಿ ಬಾಗಿಲು ತೆರೆಸಬಹುದು, ಹೌದು. ಆದರೆ ಬಾಗಿಲು ತೆರೆಯಿತು ಎಂದ ಮಾತ್ರಕ್ಕೆ ಒಳಗೆ ಹೋಗಲು ಒಪ್ಪಿಗೆ ಸಿಕ್ಕಿತು ಎಂದಲ್ಲ. ಅಲ್ಲದೆ ಅವಸರದಲ್ಲಿ ಸಿಕ್ಕ ಸಿಕ್ಕ ಪುಕ್ಕಟೆ ವಿಪಿಎನ್ ಹಾಕಿಕೊಂಡ ಫೋನು ಹೆಚ್ಚಾಗಿ ಅಪ್ಪನದೋ ಅಜ್ಜನದೋ ಆಗಿರುತ್ತದೆ. ಅದೇ ಫೋನಿನಲ್ಲಿ ಅಜ್ಜನ ಪಿಂಚಣಿ ಬರುವ ಬ್ಯಾಂಕ್ ಖಾತೆಯೂ ಇರುತ್ತದೆ. ಒಂದು ಆಟಕ್ಕಾಗಿ ಅದನ್ನು ಅಪರಿಚಿತನ ಕೈಗೆ ಕೊಡುವುದೇ?

‘ನಮ್ಮದೇನೈತಿ ಗುಟ್ಟು?’

ಇಷ್ಟೆಲ್ಲ ಕೇಳಿದ ಮೇಲೆ ಅಜ್ಜಿ ಹೇಳಬಹುದು: ‘ನಾವೇನು ಕಳವು ಮಾಡೀವೇನು? ನಮ್ಮದೇನೈತಿ ಗುಟ್ಟು? ಯಾರು ನೋಡಿದ್ರ ಏನಾತು?’

ಈ ಪ್ರಶ್ನೆಗೆ ಉತ್ತರವನ್ನು ದೇಶಕ್ಕೆ ಸಿಗುವಂತೆ ಮಾಡಿದವರೂ ಒಬ್ಬ ಅಜ್ಜನೇ, ಅದೂ ನಮ್ಮ ಕರ್ನಾಟಕದವರು. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 1926ರಲ್ಲಿ ಹುಟ್ಟಿದವರು, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ವಿಚಾರಣೆಯಲ್ಲಿ ಒಂದು ಮೂಲ ಪ್ರಶ್ನೆ ಎದ್ದಿತು: ಖಾಸಗಿತನ ಎಂಬುದು ನಮ್ಮ ಸಂವಿಧಾನ ಕೊಟ್ಟ ಮೂಲಭೂತ ಹಕ್ಕೇ? 1954ರಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ ಬರೆದ ತೀರ್ಪೊಂದು ಅಡ್ಡವಿತ್ತು. ಅದನ್ನು ಮೀರಬೇಕಾದರೆ ಅದಕ್ಕಿಂತ ದೊಡ್ಡ ಪೀಠ ಬೇಕು. ಆದ್ದರಿಂದ ಒಂಬತ್ತು ಮಂದಿ ಕೂತರು. ಅವರಲ್ಲಿ ದಕ್ಷಿಣ ಕನ್ನಡದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು.

2017ರ ಆಗಸ್ಟ್ 24ರಂದು ತೀರ್ಪು ಬಂತು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತೂ ಜನ ಒಮ್ಮತದಿಂದ ಹೇಳಿದರು. ಬದುಕುವ ಹಕ್ಕಿನಲ್ಲೇ, ಸಂವಿಧಾನದ 21ನೆಯ ವಿಧಿಯಲ್ಲೇ ಅದು ಅಡಗಿದೆ ಎಂದರು. ಅರ್ಜಿ ಹಾಕಿದ ಹಿರಿಯರು 2024ರ ಅಕ್ಟೋಬರಿನಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ಮೊಕದ್ದಮೆಯನ್ನು ಇಂದು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ.

ಹೀಗಾಗಿ ಅಜ್ಜಿಯ ಪ್ರಶ್ನೆಗೆ ಉತ್ತರ ಇದು: ಲಕೋಟೆಗೆ ಅಂಟು ಹಾಕುವುದು ಕಳವು ಮಾಡಿದವರು ಮಾತ್ರವಲ್ಲ. ಸ್ನಾನದ ಮನೆಗೆ ಬಾಗಿಲಿರುವುದೂ ಕಳವಿನ ಕಾರಣಕ್ಕಲ್ಲ. ನಮ್ಮ ನೋವು, ನಮ್ಮ ರೊಕ್ಕದ ಲೆಕ್ಕ, ನಮ್ಮ ಮನೆಯ ಮಾತು ಯಾರಿಗೆ ಹೇಳಬೇಕು ಎಂದು ತೀರ್ಮಾನಿಸುವವರು ನಾವೇ ಆಗಿರಬೇಕು.

ಈ ಹಕ್ಕಿನ ಬೆನ್ನಿಗೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರಬೇಕಿವೆ. ಅದರ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಮಕ್ಕಳ ಮಾಹಿತಿ ಬಳಸಬೇಕಾದರೆ ಕಂಪನಿಗಳು ತಂದೆ, ತಾಯಿ ಅಥವಾ ಪೋಷಕರ ಒಪ್ಪಿಗೆ ಪಡೆಯಬೇಕು. ಮಕ್ಕಳ ಬೆನ್ನುಬಿದ್ದು ಜಾಹೀರಾತು ತೋರಿಸುವಂತಿಲ್ಲ.

ಇನ್ನೊಂದು ಸೂಕ್ಷ್ಮವೂ ಉಂಟು. ಮನೆಯೊಳಗಿನ ಖಾಸಗಿತನದ್ದು. ಮೊಮ್ಮಗಳ ಫೋನನ್ನು ಅವಳಿಗೆ ತಿಳಿಯದಂತೆ ತೆರೆದು ನೋಡುವುದಕ್ಕಿಂತ, ‘ಯಾರೊಂದಿಗೆ ಆಡ್ತಿ, ಏನು ನೋಡ್ತಿ, ನನಗೂ ತೋರಿಸು’ ಎಂದು ಪಕ್ಕದಲ್ಲಿ ಕೂರುವುದು ಒಳ್ಳೆಯದು. ಮೊಮ್ಮಗ ಅಜ್ಜನಿಗೆ ಫೋನ್ ಕಲಿಸುವಾಗ ಅಜ್ಜನ ಪಿನ್ ನೋಡದೆ ಮುಖ ತಿರುಗಿಸಿಕೊಳ್ಳಲಿ. ಇಬ್ಬರೂ ಒಬ್ಬರಿಗೊಬ್ಬರು ಕೊಡಬೇಕಾದ ಮರ್ಯಾದೆ ಇದು. ಏನಾದರೂ ಎಡವಟ್ಟಾದರೆ ‘ಬೈಯುವುದಿಲ್ಲ, ಮೊದಲು ನನಗೆ ಹೇಳು’ ಎಂಬ ಮಾತು ಇಬ್ಬರ ನಡುವೆ ಇರಲಿ. ಹೆದರಿ ಮುಚ್ಚಿಟ್ಟುಕೊಂಡ ಗುಟ್ಟೇ ಮೋಸಗಾರನ ಬಂಡವಾಳ.

ಈ ಭಾನುವಾರದ ಕೆಲಸ

ಮೊಮ್ಮಕ್ಕಳು ಮತ್ತು ಅಜ್ಜ, ಅಜ್ಜಿ ಜೊತೆಗೆ ಕೂತು ಈ ಐದು ಕೆಲಸ ಮಾಡಿ.

ಒಂದು, ಅಜ್ಜನ ಫೋನಿನ ಮೇಲ್ತುದಿಯನ್ನು ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ವಿಪಿಎನ್ ಓಡುತ್ತಿದ್ದರೆ ಅಲ್ಲಿ ಪುಟ್ಟ ಕೀಲಿಯ ಚಿತ್ರ ಕಾಣುತ್ತದೆ. ಯಾರೂ ಹಾಕದೆ ಕೀಲಿ ಕಂಡರೆ ಅದು ಎಲ್ಲಿಂದ ಬಂತು ಎಂದು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಬೇಡದ ಆಪ್ ತೆಗೆಯಿರಿ.

ಎರಡು, ಪ್ಲೇ ಸ್ಟೋರ್ ಬಿಟ್ಟು ವಾಟ್ಸಾಪ್‌ನಲ್ಲಿ ಬಂದ ಯಾವ ಆಪ್ ಕೂಡ ಹಾಕಬಾರದು ಎಂದು ಮನೆಯ ನಿಯಮ ಮಾಡಿ.

ಮೂರು, ಪ್ರತಿ ಆಪ್‌ಗೆ ಯಾವ ಅನುಮತಿ ಕೊಟ್ಟಿದ್ದೀರಿ ನೋಡಿ. ಟಾರ್ಚ್ ಆಪ್‌ಗೆ ಸಂಪರ್ಕ ಪಟ್ಟಿ ಬೇಕಿಲ್ಲ, ಆಟದ ಆಪ್‌ಗೆ ನಿಮ್ಮ ಓಣಿ ಗೊತ್ತಾಗಬೇಕಿಲ್ಲ.

ನಾಲ್ಕು, ಫೋನಿಗೆ ಬರುವ ಅಪ್‌ಡೇಟ್ ಹಾಕಿ. ಮುಖ್ಯ ಖಾತೆಗಳಿಗೆ ಎರಡು ಹಂತದ ಭದ್ರತೆ ಇಡಿ. ಹೆಚ್ಚಿನ ಮನೆಗಳಿಗೆ ವಿಪಿಎನ್‌ಗಿಂತ ಇವೇ ಹೆಚ್ಚು ಕಾಯುತ್ತವೆ.

ಐದು, 1930 ಎಂಬ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಅದು ಸೈಬರ್ ವಂಚನೆಯ ಸಹಾಯವಾಣಿ. ರೊಕ್ಕ ಹೋದ ಕೂಡಲೇ, ನಾಚಿಕೊಂಡು ಕೂರದೆ, ಕರೆ ಮಾಡಬೇಕು. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಹೆಚ್ಚು ಹಣವನ್ನು ದಾರಿಯಲ್ಲೇ ತಡೆಯಲು ಸಾಧ್ಯ.

ಇಷ್ಟಾದ ಮೇಲೂ ವಿಪಿಎನ್ ಬೇಕೆನ್ನಿಸಿದರೆ ಹಾಕಿಕೊಳ್ಳಿ, ತಪ್ಪಿಲ್ಲ. ಆದರೆ ಹಾಕುವ ಮೊದಲು ಮನೆಯ ‘ಕುಷ್ಟಗಿ’ಯನ್ನು ಆರಿಸುವ ಕೆಲಸವನ್ನು ಮಕ್ಕಳೊಬ್ಬರೇ ಮಾಡದೆ, ಹಿರಿಯರೊಬ್ಬರೇ ಮಾಡದೆ, ಇಬ್ಬರೂ ಕೂಡಿ ಮಾಡಿ. ಆಪ್ ಹೇಗೆ ಕೆಲಸ ಮಾಡುತ್ತದೆ ಎಂದು ಮೊಮ್ಮಕ್ಕಳಿಗೆ ಬೇಗ ತಿಳಿಯುತ್ತದೆ. ಯಾರನ್ನು ನಂಬಬೇಕು ಎಂಬ ವಿಷಯದಲ್ಲಿ ಅಜ್ಜ, ಅಜ್ಜಿಯರಿಗೆ ಅರವತ್ತು ವರ್ಷದ ಅನುಭವವಿದೆ. ಈ ಕೆಲಸಕ್ಕೆ ಎರಡೂ ಬೇಕು.